ಒಂಬತ್ತನೆಯ ಕರಡು ಮತ್ತು ಸಿಗಂದೂರಿನ ಸೇತುವೆ

ಪ್ರಶ್ನೆ:

“ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕಿ. 2014ರಲ್ಲಿ ಒಂದು ಕಾದಂಬರಿ ಬರೆಯತೊಡಗಿದೆ. ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆ ಎರಡೂ ಮುಳುಗಿ, ಶಿವಮೊಗ್ಗದ ಕಡೆಯ ಕಾಡಂಚಿಗೆ ಬಂದು ನೆಲೆಸಿದ ಕುಟುಂಬವೊಂದರ ಮೂರು ತಲೆಮಾರಿನ ಕಥೆ. ಈಗ ನಡೆಯುತ್ತಿರುವುದು ಒಂಬತ್ತನೆಯ ಕರಡು, 412 ಪುಟ. ಏಳನೆಯ ಕರಡಿನಲ್ಲಿ ಇಡೀ ಕಥೆಯನ್ನು ಮೊಮ್ಮಗಳ ಬಾಯಿಂದ ಹೇಳಿಸಿದೆ. ಎಂಟನೆಯದರಲ್ಲಿ ಮತ್ತೆ ಮೊದಲಿನಂತೆ ಮಾಡಿದೆ. ನೀರು ಇಳಿದ ಬೇಸಿಗೆಯಲ್ಲಿ ಹೋಗಿ ಹಿರೇಭಾಸ್ಕರದ ಹಳೆಯ ಅಣೆಕಟ್ಟು ನೋಡಿ ಬಂದರೆ ನಾಲ್ಕು ಪುಟ ಹೆಚ್ಚಾಗುತ್ತದೆ. ಕಾದಂಬರಿಯ ಕೊನೆಯಲ್ಲಿ ಮೊಮ್ಮಗಳು ಸಿಗಂದೂರಿಗೆ ಹಿನ್ನೀರು ದಾಟಿಸುವ ಲಾಂಚಿನಲ್ಲಿ ನಿಂತು ನೀರು ನೋಡುತ್ತಾಳೆ. ಈಗ ಅಲ್ಲಿ ಸೇತುವೆಯೇ ಬಂದಿದೆ; ಆ ಅಧ್ಯಾಯ ಹಳತಾಯಿತೇ ಎಂಬ ಚಿಂತೆ ಹತ್ತಿದೆ. ಮನೆಯವರು ‘ಮುಗಿದಿದೆ, ಕೊಟ್ಟುಬಿಡು’ ಎನ್ನುತ್ತಾರೆ. ಬರೆಯುವ ಗೆಳತಿಯೊಬ್ಬರು ‘ಕಾದಂಬರಿ ಎಂದೂ ಮುಗಿಯುವುದಿಲ್ಲ, ನಾವು ಕೈಬಿಡುತ್ತೇವೆ ಅಷ್ಟೆ’ ಎನ್ನುತ್ತಾರೆ. ಸ್ಪರ್ಧೆಯೊಂದಕ್ಕೆ ಕಳಿಸಲು ಎರಡು ತಿಂಗಳು ಉಳಿದಿದೆ. ಚಿಕ್ಕಜ್ಜನ ಪಾತ್ರ ಹದಿನಾಲ್ಕನೆಯ ಅಧ್ಯಾಯದ ಮೇಲೆ ಬರುವುದೇ ಇಲ್ಲ, ಆದರೆ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಹಸ್ತಪ್ರತಿ ನಿಜವಾಗಿ ಮುಗಿದಿದೆ ಎಂದು ತಿಳಿಯುವುದು ಹೇಗೆ? ಮೂರನೆಯ, ಐದನೆಯ ಮತ್ತು ಒಂಬತ್ತನೆಯ ಕರಡುಗಳಿಂದ ಕೆಲವು ಅಧ್ಯಾಯಗಳನ್ನು ಜೊತೆಗಿಟ್ಟಿದ್ದೇನೆ. ಹತ್ತನೆಯ ಕರಡಿನಲ್ಲಿ ಮತ್ತೆ ಮೊಮ್ಮಗಳ ‘ನಾನು’ವಿಗೇ ಹೋಗುವ ಯೋಚನೆಯೂ ಇದೆ.”

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ, ಅಧ್ಯಾಯಗಳನ್ನು ಮೂರು ಸಲ ಓದಿದೆ. ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರ ಹಿಂದೆ ಎರಡು ಅಂಜಿಕೆಗಳಿವೆ. ಅರ್ಧಕ್ಕೆ ಬೆಂದದ್ದನ್ನು ಓದುಗರ ಎಲೆಗೆ ಬಡಿಸಿಬಿಡುತ್ತೇನೇನೋ ಎಂಬುದು ಒಂದು. ತಿದ್ದಿ ತಿದ್ದಿ ಇದ್ದ ಜೀವವನ್ನೂ ಕಳೆಯುತ್ತಿದ್ದೇನೇನೋ ಎಂಬುದು ಇನ್ನೊಂದು. ಎರಡೂ ಸುಮ್ಮನೆ ಹುಟ್ಟಿದ ಅಂಜಿಕೆಗಳಲ್ಲ. ನಿಮ್ಮ ಹಸ್ತಪ್ರತಿಯಲ್ಲಿ ಎರಡೂ ನಡೆದಿವೆ, ಬೇರೆ ಬೇರೆ ಜಾಗಗಳಲ್ಲಿ ನಡೆದಿವೆ, ಮತ್ತು ಎರಡನ್ನೂ ಸರಿಪಡಿಸಲು ಬರುತ್ತದೆ. ಶಿವಮೊಗ್ಗದಲ್ಲಿ ಕುಳಿತು ಇಪ್ಪತ್ತಾರು ವರ್ಷಗಳಿಂದ ಪ್ರಕಾಶಕರಿಗಾಗಿ ಹಸ್ತಪ್ರತಿ ಓದುವ ಕೆಲಸ ಮಾಡಿಕೊಂಡು ಬಂದಿರುವ ನನಗೆ ಇದರಲ್ಲಿ ಹೆದರುವಂಥದ್ದು ಏನೂ ಕಾಣಲಿಲ್ಲ.

ಮೊದಲು ನಿಮ್ಮ ಗೆಳತಿ ಹೇಳಿದ ಮಾತನ್ನು ನೋಡೋಣ, ಏಕೆಂದರೆ ಬರೆಯುವವರನ್ನು ಅತಿ ಹೆಚ್ಚು ದಾರಿ ತಪ್ಪಿಸಿದ ಮಾತು ಅದು. ಅದರ ಮೂಲ ಫ್ರೆಂಚ್ ಕವಿ ಪಾಲ್ ವ್ಯಾಲೆರಿ 1933ರಲ್ಲಿ ತನ್ನದೇ ಒಂದು ಕವಿತೆಯ ಕುರಿತು ಬರೆದ ಪ್ರಬಂಧದಲ್ಲಿದೆ. ಆತ ಹೇಳುತ್ತಿದ್ದದ್ದು 1920ರಲ್ಲಿ ಪ್ರಕಟವಾದ, ಕಡಲ ದಂಡೆಯ ಸ್ಮಶಾನದ ಮೇಲಿನ 144 ಸಾಲಿನ ಕವಿತೆಯೊಂದರ ಬಗ್ಗೆ. ಅದನ್ನು ಇನ್ನೂ ತಿದ್ದುತ್ತ ಕುಳಿತಿದ್ದಾಗ ಪತ್ರಿಕೆಯ ಸಂಪಾದಕರೊಬ್ಬರು ಮನೆಗೆ ಬಂದರು, ಓದಿದರು, ಹಿಡಿದ ಹಟ ಬಿಡದೆ ಅದನ್ನು ತೆಗೆದುಕೊಂಡೇ ಹೋದರು. ಕವಿತೆ ಈಗಿರುವ ರೂಪದಲ್ಲಿ ನಿಂತದ್ದು ಹೀಗೆ. ಅಂದರೆ ಆ ಮಾತಿನ ಹಿಂದೆ ಒಂದು ನಿಜವಾದ ಘಟನೆಯಿದೆ, ಆ ಘಟನೆಯಲ್ಲಿ ಇನ್ನೊಬ್ಬ ಓದುಗನಿದ್ದಾನೆ. ಕವಿತೆಯ ಒಂದು ಪದವನ್ನು ಜೀವಮಾನವಿಡೀ ಬದಲಿಸುತ್ತಿರಬಹುದು. ಮೂರು ತಲೆಮಾರಿನ ಕಥೆಗೆ ಆ ಮಾತು ಹಾಗೇ ಹೊಂದುವುದಿಲ್ಲ. ಕಾದಂಬರಿ ತಾನೇ ಕೆಲವು ಪ್ರಶ್ನೆಗಳನ್ನು ಎತ್ತುತ್ತದೆ: ಈ ಮನೆಯವರು ಹೊರಡುತ್ತಾರೆಯೇ, ಹೊರಟವರು ಏನಾದರು, ಉಳಿದವನು ಏನಾದ. ಅವಕ್ಕೆ ಅದರೊಳಗೇ ಉತ್ತರವೋ, ಉತ್ತರವಿಲ್ಲ ಎಂಬ ಅರಿವೋ ಸಿಕ್ಕಿತೆಂದರೆ ಕಾದಂಬರಿ ಮುಗಿಯುತ್ತದೆ. ಅದು ಮುಗಿದ ಮೇಲೂ ವಾಕ್ಯಗಳು ಮುಗಿಯದೆ ಉಳಿಯಬಹುದು. ಎರಡೂ ಬೇರೆ ಸಂಗತಿಗಳು.

ಇನ್ನೊಂದು ತಪ್ಪು ತಿಳಿವಳಿಕೆ ವರ್ಷಗಳ ಲೆಕ್ಕದ್ದು. ಹನ್ನೊಂದು ವರ್ಷವಾದರೂ ಮುಗಿದಿಲ್ಲ ಎಂಬ ಸಂಕೋಚ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ದಾಸ್ತೊಯೆವ್‌ಸ್ಕಿ 1866ರ ಅಕ್ಟೋಬರಿನಲ್ಲಿ ಪ್ರಕಾಶಕನ ಗಡುವಿಗೆ ಸಿಕ್ಕಿ, ಶೀಘ್ರಲಿಪಿ ಬಲ್ಲ ಯುವತಿಯೊಬ್ಬಳಿಗೆ ಹೇಳಿ ಬರೆಸಿ, ಇಪ್ಪತ್ತಾರು ದಿನಗಳಲ್ಲಿ ಒಂದು ಕಿರುಕಾದಂಬರಿಯನ್ನು ಮುಗಿಸಿದ. ಜೂಜಿನ ಚಟದ ಆ ಪುಸ್ತಕವನ್ನು ಜನ ಇವತ್ತಿಗೂ ಓದುತ್ತಾರೆ. ಟಾಲ್‌ಸ್ಟಾಯ್ ‘ಯುದ್ಧ ಮತ್ತು ಶಾಂತಿ’ಯನ್ನು 1869ರಲ್ಲಿ ಮುಗಿಸಿದ ಮೇಲೂ ಸಮಾಧಾನವಾಗದೆ, 1873ರ ಆವೃತ್ತಿಯಲ್ಲಿ ಫ್ರೆಂಚ್ ಸಂಭಾಷಣೆಗಳನ್ನೆಲ್ಲ ರಷ್ಯನ್ನಿಗೆ ತಿರುಗಿಸಿ, ಇತಿಹಾಸದ ಕುರಿತ ಚಿಂತನೆಗಳನ್ನು ಕಥೆಯಿಂದ ಕಿತ್ತು ಕೊನೆಗಿಟ್ಟ. ನಂತರದ ಆವೃತ್ತಿಗಳಲ್ಲಿ ಫ್ರೆಂಚೂ ಮರಳಿತು, ಚಿಂತನೆಗಳೂ ಕಥೆಯೊಳಗಿನ ತಮ್ಮ ಜಾಗಕ್ಕೆ ಮರಳಿದವು. ಅಷ್ಟು ದೊಡ್ಡ ಲೇಖಕನ ತಿದ್ದುಪಡಿಯೂ ನಿಲ್ಲಲಿಲ್ಲವೆಂದ ಮೇಲೆ, ಎಷ್ಟು ವರ್ಷ, ಎಷ್ಟು ಕರಡು ಎಂಬ ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ.

ಹಾಗಾದರೆ ಯಾವುದರಿಂದ ಗೊತ್ತಾಗುತ್ತದೆ? ನಾನು ನೋಡುವುದು ಒಂದನ್ನೇ: ತಿದ್ದುಪಡಿ ಎಲ್ಲಿಂದ ಬರುತ್ತಿದೆ? ಪುಸ್ತಕದ ಒಳಗಿನಿಂದಲೋ, ಹೊರಗಿನಿಂದಲೋ? ನಿಮ್ಮ ಕರಡುಗಳಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿಗಳಿವೆ, ಆದ್ದರಿಂದ ಅವನ್ನೇ ಬಿಡಿಸಿ ತೋರಿಸುತ್ತೇನೆ.

ಮೂರನೆಯ ಕರಡಿನಲ್ಲಿ ಮನೆ ಬಿಡುವ ದಿನದ ಸಾಲುಗಳು ಹೀಗಿವೆ (ಹಸೆ ಎಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುವ ಚಿತ್ತಾರ): “ಹೊರಡುವಾಗ ಅಜ್ಜಿ ಗೋಡೆಯ ಹಸೆಯನ್ನು ಒಮ್ಮೆ ಮುಟ್ಟಿದಳು. ಕೆಮ್ಮಣ್ಣು ಬೆರಳಿಗೆ ಹತ್ತಿತು. ಒರೆಸಿಕೊಳ್ಳದೆ ಲಾರಿ ಏರಿದಳು.” ಒಂಬತ್ತನೆಯ ಕರಡಿನಲ್ಲಿ ಅದೇ ಜಾಗ: “ತಲೆತಲಾಂತರದಿಂದ ಬಾಳಿ ಬದುಕಿದ ಮನೆಯನ್ನು ಶಾಶ್ವತವಾಗಿ ತೊರೆಯಬೇಕಾಗಿ ಬಂದ ಆ ದಾರುಣ ದಿನ, ತನ್ನ ಕೈಯಾರೆ ಬರೆದ ಹಸೆ ಚಿತ್ತಾರವನ್ನು ಅಜ್ಜಿ ನಡುಗುವ ಬೆರಳುಗಳಿಂದ ಸವರಿದಳು, ನೆಲದ ಋಣವೇ ಕೆಮ್ಮಣ್ಣಾಗಿ ಅವಳ ಬೆರಳಿಗೆ ಅಂಟಿಕೊಂಡಂತಿತ್ತು.”

ಎರಡನ್ನೂ ಪಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿ. ಮೊದಲನೆಯದರಲ್ಲಿ ಅಜ್ಜಿ ಮೂರು ಕೆಲಸ ಮಾಡುತ್ತಾಳೆ, ಮೂರನೆಯದನ್ನು, ಅಂದರೆ ಒರೆಸಿಕೊಳ್ಳದೆ ಹೋದದ್ದನ್ನು, ಓದಿದವರು ಮರೆಯಲಾರರು. ಎರಡನೆಯದರಲ್ಲಿ ಲಾರಿಯೇ ಇಲ್ಲ, ಒರೆಸಿಕೊಳ್ಳದ ಬೆರಳೂ ಇಲ್ಲ. ಅಜ್ಜಿ ಮೌನವಾಗಿ ಮಾಡಿದ್ದನ್ನು ಲೇಖಕಿ ನಡುವೆ ಬಂದು ವಿವರಿಸುತ್ತಿದ್ದಾರೆ. ಪುಟದ ಅಂಚಿನಲ್ಲಿ ನೀವೇ ಬರೆದುಕೊಂಡ ಟಿಪ್ಪಣಿಯೂ ನಕಲಿನಲ್ಲಿ ಬಂದಿದೆ: ಓದಿಸಿದವರೊಬ್ಬರು “ಭಾವತೀವ್ರತೆ ಸಾಲದು” ಎಂದಿದ್ದರು. ಈ ತಿದ್ದುಪಡಿ ಬಂದದ್ದು ಅಜ್ಜಿಯಿಂದಲ್ಲ, ಆ ಮನೆಯಿಂದಲ್ಲ. ಯಾರೋ ಆಡಿದ ಒಂದು ಮಾತಿಗೆ ಸಮಜಾಯಿಷಿಯಾಗಿ ಬಂತು. ಇಂಥದ್ದನ್ನೇ ನಾನು ಹೊರಗಿನ ತಿದ್ದುಪಡಿ ಎನ್ನುವುದು.

ಐದನೆಯ ಕರಡಿನಲ್ಲಿ ಇನ್ನೊಂದು ಬದಲಾವಣೆ ಆಗಿದೆ. ಅಜ್ಜ ಪರಿಹಾರದ ಹಣ ಬಂದದ್ದನ್ನು ಎರಡು ವರ್ಷ ಮನೆಯವರಿಂದ ಮುಚ್ಚಿಟ್ಟಿದ್ದ ಎಂಬುದು ಅದುವರೆಗೆ ಕಥೆಯಲ್ಲಿರಲಿಲ್ಲ. ಅದು ಬಂದೊಡನೆ ಹತ್ತನೆಯ ಅಧ್ಯಾಯದಲ್ಲಿ ಮಗ ತಂದೆಯ ಎದುರು ಊಟಕ್ಕೆ ಕೂರದೆ ಏಳುವ ಪ್ರಸಂಗಕ್ಕೆ ಅರ್ಥ ಬಂತು. ಮೂರನೆಯ ಕರಡಿನಲ್ಲಿ ಆ ಹುಡುಗ ಯಾಕೆ ಎದ್ದನೆಂದು ನಿಮಗೂ ತಿಳಿದಿರಲಿಲ್ಲ. ಆ ಒಂದು ಸುಳ್ಳಿಗಾಗಿ ನೀವು ಆರು ಅಧ್ಯಾಯಗಳನ್ನು ಹಿಂದುಮುಂದು ಮಾಡಬೇಕಾಯಿತು. ಇದು ಒಳಗಿನ ತಿದ್ದುಪಡಿ: ಕಥೆಯಲ್ಲಿ ಮೊದಲೇ ಇದ್ದ ಒಂದು ಬಿರುಕಿಗೆ ಕಾರಣ ಸಿಕ್ಕಿತು. ಇಂಥವು ಬರುತ್ತಿರುವಷ್ಟು ಕಾಲ ಹಸ್ತಪ್ರತಿ ಮುಗಿದಿಲ್ಲ, ಯಾರು ಎಷ್ಟೇ ಅವಸರಪಡಿಸಲಿ ಕೊಡಬಾರದು.

ಏಳನೆಯ ಕರಡನ್ನು ವ್ಯರ್ಥವೆಂದು ಬೇಸರಪಡಬೇಡಿ. ಮೊಮ್ಮಗಳು ಹುಟ್ಟುವ ಎಷ್ಟೋ ಮೊದಲು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಮನೆ ನೀರಿನಡಿಗೆ ಹೋಗಿದೆ. ಅವಳ ಬಾಯಿಂದ ಕಥೆ ಹೇಳಿಸಲು ಹೋದಾಗಲೇ ಅವಳಿಗೆ ಏನೇನು ತಿಳಿಯಲು ಸಾಧ್ಯವಿಲ್ಲ ಎಂಬುದು ನಿಮಗೆ ಖಚಿತವಾದದ್ದು. ಎಂಟನೆಯ ಕರಡಿನಲ್ಲಿ ನೀವು ಮರಳಿ ಬಂದಾಗ ಅವಳ ಊಹೆಗಳನ್ನು ಊಹೆಗಳಾಗಿಯೇ ಉಳಿಸಿದ್ದೀರಿ, ಅದು ಮೊದಲಿಗಿಂತ ಚೆನ್ನಾಗಿದೆ. ಆದರೆ ಹತ್ತನೆಯ ಕರಡಿನಲ್ಲಿ ಮತ್ತೆ ‘ನಾನು’ವಿಗೆ ಹೋಗುವ ಯೋಚನೆಯಿದೆ ಎಂದು ಪತ್ರದ ಕೊನೆಗೆ ಸೇರಿಸಿದ್ದೀರಲ್ಲ, ಅದು ಬೇಡ. ಒಂದೇ ಬಾಗಿಲಿನಿಂದ ಎರಡು ಸಲ ಹೋಗಿ ಬಂದಾಗಿದೆ. ಮೂರನೆಯ ಸಲ ಹೋದರೆ ಹೊಸತೇನೂ ಸಿಗುವುದಿಲ್ಲ, ಒಂದು ವರ್ಷ ಮಾತ್ರ ಹೋಗುತ್ತದೆ.

ಮುಗಿದ ಮೇಲೂ ಕೈ ನಿಲ್ಲದಿರುವುದಕ್ಕೆ ಕಾರಣಗಳಿವೆ. ನಾನು ಕಂಡಂತೆ ಅವು ಮೂರು ಬಗೆ, ಮೂರೂ ನಿಮ್ಮಲ್ಲಿವೆ. ಒಂದು, ಈ ಕಥೆ ನಿಮ್ಮ ಜನರದ್ದು. ಮುಳುಗಡೆಯ ಜನ ತಮ್ಮ ಮಾತು ಸರಿಯಾಗಿ ದಾಖಲಾಗಲಿಲ್ಲ ಎಂಬ ನೋವನ್ನು ಇನ್ನೂ ಹೊತ್ತಿದ್ದಾರೆ. ಹಾಗಾಗಿ ಬರೆಯುವವರ ಮೇಲೆ ‘ಎಲ್ಲವನ್ನೂ ಹೇಳಬೇಕು’ ಎಂಬ ಹೊಣೆ ಬೀಳುತ್ತದೆ. ಆ ಹೊಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಕಾದಂಬರಿ ಎಲ್ಲವನ್ನೂ ಹೊರಲಾರದು. ಹಿರೇಭಾಸ್ಕರದ ಅಣೆಕಟ್ಟನ್ನೇ ತೆಗೆದುಕೊಳ್ಳಿ. 1940ರ ದಶಕದಲ್ಲಿ ಕಟ್ಟಿದ ಅದು ಊರುಗಳನ್ನು ಮುಳುಗಿಸಿ, ಇಪ್ಪತ್ತು ವರ್ಷ ತುಂಬುವುದರೊಳಗೆ ತಾನೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆದ್ದು ನಿಲ್ಲುವುದನ್ನು ಕಂಡವರು ಯಾರೂ ಸುಮ್ಮನೆ ಬರಲಾರರು. ನೀವು ಬರೆದ ಆ ಪುಟಗಳು ಚೆನ್ನಾಗಿವೆ. ಆದರೂ ನಿಮ್ಮ ಕಥೆಯ ಯಾವ ಮನುಷ್ಯನೂ ಆ ಕಟ್ಟೆಯ ಮೇಲೆ ನಡೆದಿಲ್ಲ, ಅದರ ಕೂಲಿಗೆ ಹೋಗಿಲ್ಲ, ಅದರಿಂದ ಏನನ್ನೂ ಕಳೆದುಕೊಂಡಿಲ್ಲ. ಅದನ್ನು ನೋಡುತ್ತಿರುವುದು ನೀವು. ಆ ನಾಲ್ಕು ಪುಟಗಳನ್ನು ತೆಗೆದು ಒಂದು ಒಳ್ಳೆಯ ಲೇಖನವಾಗಿ ಬರೆಯಿರಿ. ಅಲ್ಲಿ ಅವಕ್ಕೆ ಇದಕ್ಕಿಂತ ಹೆಚ್ಚು ಜಾಗವಿದೆ.

ಎರಡನೆಯ ಕಾರಣ, ಪುಸ್ತಕ ಕೈಯಲ್ಲಿರುವವರೆಗೆ ಅದರ ಮೇಲೆ ಯಾರೂ ತೀರ್ಪು ಕೊಡಲಾರರು. ಇದನ್ನು ದೌರ್ಬಲ್ಯವೆಂದು ನಾನು ಹೇಳುವುದಿಲ್ಲ. ಹನ್ನೊಂದು ವರ್ಷ ದಿನವೂ ಕೂತ ಮೇಜನ್ನು ಬಿಟ್ಟೇಳುವುದು ಯಾರಿಗೂ ಸುಲಭವಲ್ಲ. ಮೂರನೆಯದು ತೀರಾ ಸಣ್ಣ ಕಾರಣ, ಆದರೆ ಹಾನಿ ಮಾಡುವುದು ಹೆಚ್ಚು: ಕಂಪ್ಯೂಟರಿನಲ್ಲಿ ತಿದ್ದುವುದು ಸಲೀಸು. ಕೈಬರಹದ ಕಾಲದಲ್ಲಿ ಹೊಸ ಕರಡು ಎಂದರೆ ನಾನೂರು ಪುಟಗಳನ್ನು ಮತ್ತೆ ಬರೆಯುವುದು. ಆ ಶ್ರಮವೇ ‘ಇದು ಬೇಕೇ’ ಎಂದು ಕೇಳುತ್ತಿತ್ತು. ಈಗ ಕಡತ ತೆರೆದರೆ ಒಂದನೆಯ ಪುಟ ಎದುರಿಗಿರುತ್ತದೆ, ಕೈ ಅಲ್ಲಿಂದಲೇ ಆರಂಭಿಸುತ್ತದೆ.

ಇದರ ಪರಿಣಾಮವನ್ನು ಬಹಳ ಹಸ್ತಪ್ರತಿಗಳಲ್ಲಿ ನೋಡಿದ್ದೇನೆ, ನಿಮ್ಮದರಲ್ಲೂ ಇದೆ. ಪ್ರತಿ ಕರಡೂ ಮೊದಲ ಪುಟದಿಂದ ಶುರುವಾಗುತ್ತದೆ, ನೂರೈವತ್ತನೆಯ ಪುಟದ ಹೊತ್ತಿಗೆ ರಜೆ ಮುಗಿಯುತ್ತದೆ, ಇಲ್ಲವೇ ಪರೀಕ್ಷೆಯ ಉತ್ತರಪತ್ರಿಕೆಗಳು ಬಂದು ಕೂರುತ್ತವೆ. ಹೀಗಾಗಿ ಮೊದಲ ಐದು ಅಧ್ಯಾಯಗಳು ಒಂಬತ್ತು ಸಲ ತಿದ್ದಿಸಿಕೊಂಡಿವೆ. ಕೊನೆಯ ಐದು, ನನ್ನ ಅಂದಾಜಿನಲ್ಲಿ, ಮೂರು ಸಲ. ವರ್ಷಗಳ ಹಿಂದೆ ಹಿರಿಯರೊಬ್ಬರು ಹತ್ತೊಂಬತ್ತು ವರ್ಷ ತಿದ್ದಿದ ಕಾದಂಬರಿಯೊಂದನ್ನು ತಂದುಕೊಟ್ಟಿದ್ದರು. ಅದರ ಮೊದಲ ಭಾಗದ ದನಿ ಅರವತ್ತು ದಾಟಿದವರದ್ದು, ಕೊನೆಯ ಭಾಗದ ದನಿ ನಲವತ್ತರವರದ್ದು. ಒಬ್ಬನೇ ನಾಯಕ ಕಥೆ ಮುಂದುವರಿದಂತೆ ಚಿಕ್ಕವನಾಗುತ್ತ ಹೋದಂತೆ ಕಾಣುತ್ತಿತ್ತು. ಮೊದಲ ನೂರು ಪುಟಗಳಿಗೆ ಹಳೆಯ ಕರಡನ್ನೇ ಹುಡುಕಿ ತರುವಂತೆ ಕೇಳಬೇಕಾಯಿತು. ಪುಣ್ಯಕ್ಕೆ ಮನೆಯ ಅಟ್ಟದಲ್ಲಿ ಅದು ಉಳಿದಿತ್ತು.

ಆದ್ದರಿಂದ ನಿಮಗೆ ಮೊದಲು ಹೇಳುವುದು, ಮೂರನೆಯ ಕರಡನ್ನು ಅಳಿಸಬೇಡಿ. ಒಂಬತ್ತನೆಯದನ್ನು ಮುದ್ರಿಸಿಕೊಂಡು, ಕಂಪ್ಯೂಟರನ್ನು ಮುಚ್ಚಿಟ್ಟು, ಕೊನೆಯ ಅಧ್ಯಾಯದಿಂದ ಹಿಮ್ಮುಖವಾಗಿ ಒಂದೊಂದೇ ಅಧ್ಯಾಯ ಓದುತ್ತ ಬನ್ನಿ, ಪಕ್ಕದಲ್ಲಿ ಮೂರನೆಯ ಕರಡಿರಲಿ. ಎಲ್ಲೆಲ್ಲಿ ಹೊಸ ವಾಕ್ಯ ಹಳೆಯದಕ್ಕಿಂತ ಉದ್ದವಾಗಿದ್ದು ಹೊಸ ಸಂಗತಿಯನ್ನೇನೂ ಹೇಳುತ್ತಿಲ್ಲವೋ ಅಲ್ಲೆಲ್ಲ ಪೆನ್ಸಿಲಿನಿಂದ ಒಂದು ಗೀಟು ಹಾಕಿ. ನೀವು ಕಳಿಸಿದ ಎಪ್ಪತ್ತು ಪುಟಗಳಲ್ಲೇ ನನಗೆ ಇಂಥ ಇಪ್ಪತ್ತಮೂರು ಜಾಗಗಳು ಸಿಕ್ಕಿವೆ. ಅವುಗಳಲ್ಲಿ ಹೆಚ್ಚಿನವನ್ನು ಹಳೆಯ ರೂಪಕ್ಕೆ ತಂದರೆ ಸಾಕು, ಹೊಸದಾಗಿ ಬರೆಯಬೇಕಾದ್ದಿಲ್ಲ.

ಇನ್ನು ಸೇತುವೆಯ ವಿಷಯ. 2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಆರು ದಶಕ ಕಾದ ಜನಕ್ಕೆ ಅದು ಎಂಥ ದಿನ ಎಂಬುದು ಈ ಭಾಗದವರಿಗೆಲ್ಲ ಗೊತ್ತು. ರಾತ್ರಿ ಲಾಂಚು ನಿಂತ ಮೇಲೆ ಹೆರಿಗೆ ನೋವು ಬಂದರೆ ಏನು ಮಾಡಬೇಕೆಂದು ಆ ದಡದ ಮನೆಗಳವರನ್ನು ಕೇಳಿದರೆ ತಿಳಿಯುತ್ತದೆ. ಆದರೆ ನಿಮ್ಮ ಕಾದಂಬರಿಯ ಕೊನೆಯ ಅಧ್ಯಾಯ ನಡೆಯುವುದು 2009ರ ಮಳೆಗಾಲದಲ್ಲಿ. ಅಲ್ಲಿ ಮೊಮ್ಮಗಳು ಲಾಂಚಿನ ಕಂಬಿ ಹಿಡಿದು ನಿಂತಿದ್ದಾಳೆ, ಕೆಳಗೆ ಎಲ್ಲೋ ತನ್ನ ಅಜ್ಜಿಯ ಮನೆಯ ಗೋಡೆಯಿದೆ ಎಂದು ಅವಳಿಗೆ ಗೊತ್ತು, ಲಾಂಚು ನಿಧಾನವಾಗಿ ಸಾಗುತ್ತಿರುವುದರಿಂದ ಅವಳಿಗೆ ಯೋಚಿಸಲು ಹೊತ್ತು ಸಿಗುತ್ತದೆ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ಬಸ್ಸು ನಾಲ್ಕು ನಿಮಿಷದಲ್ಲಿ ದಾಟಿಬಿಡುತ್ತದೆ. ಆ ಯೋಚನೆಗೆ ಅಲ್ಲಿ ಎಡೆಯೇ ಇಲ್ಲ. ಲಾಂಚು ನಿಮ್ಮ ಕಥೆಯ ಕಾಲಕ್ಕೆ ಸೇರಿದ್ದು, ಕಾದಂಬರಿ ಹಳತಾಗುವುದು ಹೀಗಲ್ಲ. ಸೇತುವೆ ಬಂದದ್ದು ಲೋಕದಲ್ಲಿ, ನಿಮ್ಮ ಪುಸ್ತಕದಲ್ಲಲ್ಲ. ಹೊರಗೆ ನಡೆದದ್ದೆಲ್ಲ ಒಳಗೆ ಬರಬೇಕೆನ್ನುವುದಾದರೆ ಮುಂದಿನ ವರ್ಷ ಮತ್ತೊಂದು ಬರುತ್ತದೆ.

ಸೇತುವೆಯ ಬಗ್ಗೆ ಬರೆಯಲೇಬೇಕು ಎಂಬ ಒತ್ತಡ ಉಳಿದರೆ ಅದಕ್ಕೆ ಬೇರೆ ಕಥೆಯಿದೆ ಎಂದು ತಿಳಿಯಿರಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಅದೇ ಮಲೆನಾಡಿನ ಬಗ್ಗೆ ಮೂವತ್ತೊಂದು ವರ್ಷಗಳ ಮೇಲೆ ಹೇಳುವುದಿದ್ದಾಗ ಅವರು ಇನ್ನೊಂದು ಕಾದಂಬರಿಯನ್ನೇ ಬರೆದರು.

ಈಗ ಚಿಕ್ಕಜ್ಜ. ಅವನ ಕುರಿತ ಒಂದು ಸಾಲನ್ನು ನೀವು ಪತ್ರದಲ್ಲಿ ಏನೋ ಬಿಟ್ಟುಹೋದದ್ದು ನೆನಪಾಯಿತೆಂಬಂತೆ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು ಅದೇ. ಹದಿನಾಲ್ಕನೆಯ ಅಧ್ಯಾಯದಲ್ಲಿ ಎಲ್ಲರೂ ಲಾರಿ ಹತ್ತಿದಾಗ ಅವನು ‘ನೀರು ಬರಲಿ, ಆಮೇಲೆ ನೋಡೋಣ’ ಎಂದು ಜಗುಲಿಯ ಮೇಲೆ ಕೂತೇ ಇರುತ್ತಾನೆ. ಅಲ್ಲಿಗೆ ಅವನ ಕಥೆ ನಿಂತಿದೆ. ಯಾರ ಕಣ್ಣಿಗೂ ಬಿದ್ದಿಲ್ಲ ಎನ್ನುತ್ತೀರಿ. ನಿಮ್ಮ ಕಣ್ಣಿಗೆ ಬಿದ್ದಿದೆಯಲ್ಲ? ಒಂಬತ್ತು ಕರಡು ದಾಟಿದರೂ ಮನಸ್ಸಿನಿಂದ ಹೋಗದೆ ಉಳಿದ ಸಂಗತಿ ಇದೊಂದೇ. ಹಸೆಯ ವಾಕ್ಯವನ್ನು ಹಿಗ್ಗಿಸಿದ್ದು, ಅಣೆಕಟ್ಟಿನ ಪುಟಗಳು, ಸೇತುವೆಯ ಚಿಂತೆ ಎಲ್ಲವೂ ಈ ಒಂದು ಜಾಗಕ್ಕೆ ಹೋಗದಿರಲು ಕೈ ಕಂಡುಕೊಂಡ ಸುತ್ತುದಾರಿಗಳು ಎಂದೇ ನನಗೆ ತೋರುತ್ತದೆ. ಬರೆಯಲು ಕಷ್ಟವಾದ ಅಧ್ಯಾಯವನ್ನು ಬಿಟ್ಟು ಬರೆಯಲು ಬರುವ ಅಧ್ಯಾಯಗಳನ್ನೇ ಮತ್ತೆ ಮತ್ತೆ ತಿದ್ದುವುದು ನಾನು ಅತಿ ಹೆಚ್ಚು ಕಂಡಿರುವ ರೂಢಿ.

ಅವನು ಏನಾದ ಎಂದು ನೀವು ಓದುಗರಿಗೆ ಹೇಳಲೇಬೇಕೆಂದಿಲ್ಲ. ಆದರೆ ನಿಮಗೆ ಗೊತ್ತಿರಬೇಕು, ಮನೆಯವರಿಗೆ ಅದು ಗೊತ್ತಿದೆಯೇ ಇಲ್ಲವೇ ಎಂಬುದೂ ತೀರ್ಮಾನವಾಗಬೇಕು. ಅವನು ಮರುದಿನ ಎದ್ದು ಬಂದನೇ, ಪೇಟೆ ಸೇರಿದನೇ, ಬರಲೇ ಇಲ್ಲವೇ? ಆಮೇಲೆ ಕಾಡಂಚಿನ ಹೊಸ ಮನೆಯಲ್ಲಿ ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಪೂಜೆಯ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಹೊರುವವರು ಯಾರು ಎಂಬ ಮಾತು ಬಂದಾಗ, ಆ ಮನೆಯವರು ಅವನ ಹೆಸರೆತ್ತುತ್ತಾರೆಯೇ, ಸುಮ್ಮನಾಗುತ್ತಾರೆಯೇ? ಐದಾರು ಪುಟಗಳ ಕೆಲಸವಿರಬಹುದು, ಒಂದೇ ಸಾಲಿನದ್ದೂ ಇರಬಹುದು. ಅದು ಬಂದ ಮೇಲೆ ಕೊನೆಯ ಅಧ್ಯಾಯದಲ್ಲಿ ಮೊಮ್ಮಗಳು ನೋಡುತ್ತಿರುವ ನೀರಿಗೆ ಇನ್ನೊಂದು ಅರ್ಥ ಬರುತ್ತದೆ. ಅಲ್ಲಿಗೆ ನಿಮ್ಮ ಕಾದಂಬರಿ ಮುಗಿಯಿತು. ಇದನ್ನು ಊಹೆಯಿಂದಲ್ಲ, ಓದಿದ ಅಧ್ಯಾಯಗಳ ಬಲದಿಂದ ಹೇಳುತ್ತಿದ್ದೇನೆ.

ಆಮೇಲಿನ ದಾರಿಗಳನ್ನು ಅವುಗಳ ಅಪಾಯಗಳೊಂದಿಗೆ ಹೇಳುತ್ತೇನೆ. ಸ್ಪರ್ಧೆಗೆ ಕಳಿಸಬಹುದು; ಆದರೆ ಗಡುವಿಗಾಗಿ ಚಿಕ್ಕಜ್ಜನನ್ನು ಎರಡು ವಾರದಲ್ಲಿ ತೀರಿಸಿಬಿಡಬೇಡಿ. ಅಲ್ಲದೆ ಸ್ಪರ್ಧೆಗಳು ಸಾಮಾನ್ಯವಾಗಿ ಅಪ್ರಕಟಿತ ಕೃತಿಯನ್ನೇ ಕೇಳುವುದರಿಂದ, ಫಲಿತಾಂಶ ಬರುವವರೆಗೆ ಪುಸ್ತಕವನ್ನು ಬೇರೆಲ್ಲೂ ಕೊಡದೆ ಕಾಯಬೇಕಾಗುತ್ತದೆ. ಬಹುಮಾನ ಬರದಿದ್ದರೆ ‘ಮುಗಿದಿರಲಿಲ್ಲ’ ಎಂದು ಅರ್ಥ ಮಾಡಿಕೊಂಡು ಹತ್ತನೆಯ ಕರಡಿಗೆ ಕೂರುವ ಅಪಾಯ ನಿಮ್ಮ ವಿಷಯದಲ್ಲಿ ಹೆಚ್ಚು. ತೀರ್ಪುಗಾರರು ಹೇಳುವುದು ಆ ವರ್ಷ ಬಂದ ಹಸ್ತಪ್ರತಿಗಳಲ್ಲಿ ತಮಗೆ ಯಾವುದು ಹಿಡಿಸಿತು ಎಂಬುದನ್ನು ಮಾತ್ರ.

ಓದಿಸುವುದಿದ್ದರೆ ಮೂವರು ಸಾಕು. ಅವರಲ್ಲೊಬ್ಬರು ಮುಳುಗಡೆಯನ್ನು ಸ್ವತಃ ಕಂಡ ಹಿರಿಯರಾಗಿರಲಿ. ಇನ್ನೊಬ್ಬರು ಬಯಲುಸೀಮೆಯವರಾಗಿರಲಿ, ಹಸೆ ಎಂದರೇನು, ಕಾನು ಎಂದರೇನು ಎಂಬುದು ವಿವರಣೆಯಿಲ್ಲದೆಯೂ ಅವರಿಗೆ ಕಥೆಯಿಂದಲೇ ತಿಳಿಯುತ್ತದೆಯೇ ನೋಡಬೇಕು. ಮೂರನೆಯವರು ಕಾದಂಬರಿಗಳನ್ನು ಹಸಿವಿನಿಂದ ಓದುವ, ಆದರೆ ತಾವು ಬರೆಯದ ಯಾರಾದರೂ ಆಗಿರಲಿ. ‘ಹೇಗಿದೆ?’ ಎಂದು ಕೇಳಿದರೆ ಪರಿಚಿತರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಓದುತ್ತ ಎಲ್ಲಿ ಪುಸ್ತಕ ಕೆಳಗಿಟ್ಟಿರಿ, ಎಲ್ಲಿ ಪುಟ ಹಾರಿಸಿದಿರಿ, ಯಾರು ಏನಾದರೆಂದು ತಿಳಿಯದೆ ಉಳಿಯಿತು ಎಂದು ಮಾತ್ರ ಕೇಳಿ. ಇಬ್ಬರು ಒಂದೇ ಜಾಗ ತೋರಿಸಿದರೆ ಅಲ್ಲಿ ಏನೋ ಇದೆ. ಆದರೆ ಅಲ್ಲಿ ಏನು ಮಾಡಬೇಕೆಂಬ ಅವರ ಸಲಹೆಯನ್ನು ಒಪ್ಪಿಕೊಳ್ಳಬೇಕಾಗಿಲ್ಲ. “ಭಾವತೀವ್ರತೆ ಸಾಲದು” ಎಂದವರಿಗೆ ಆ ಪುಟದಲ್ಲಿ ಏನೋ ಕೊರತೆ ಕಂಡದ್ದು ನಿಜವಿರಬಹುದು, ಆದರೆ ಕೊರತೆ ಇದ್ದದ್ದು ಅಜ್ಜಿಯ ಬೆರಳಿನಲ್ಲಲ್ಲ, ಜಗುಲಿಯ ಮೇಲೆ ಉಳಿದವನಲ್ಲಿ.

ಕೆಲವರು ಹಸ್ತಪ್ರತಿಯನ್ನು ಆರು ತಿಂಗಳು ಮುಟ್ಟದೆ ಇಡಲು ಹೇಳುತ್ತಾರೆ. ಮೊದಲ ಮೂರು ಕರಡುಗಳಿಗೆ ಅದು ಒಳ್ಳೆಯ ಮದ್ದು. ನಿಮಗೆ ಈಗ ನಾನು ಹೇಳಲಾರೆ. ಆರು ತಿಂಗಳ ಮೇಲೆ ನೀವು ಬೇರೊಬ್ಬರಾಗಿ ಬಂದು ಮತ್ತೆ ಮೊದಲ ಪುಟದಿಂದ ತಿದ್ದತೊಡಗುತ್ತೀರಿ. ಆರು ವಾರ ಸಾಕು.

ಸ್ವಂತ ಖರ್ಚಿನಲ್ಲಿ ಪ್ರಕಟಿಸುವ ದಾರಿಯೂ ಇದೆ, ನಮ್ಮ ಕಡೆ ಬಹಳ ಒಳ್ಳೆಯ ಪುಸ್ತಕಗಳು ಹಾಗೆ ಬಂದಿವೆ. ಅದರ ಅಪಾಯ ಹಣದ್ದಷ್ಟೇ ಅಲ್ಲ. ‘ಇಷ್ಟು ಸಾಕು’ ಎಂದೂ ‘ಇದು ಸಾಲದು’ ಎಂದೂ ಹೇಳುವ ಇನ್ನೊಬ್ಬರು ಇರುವುದಿಲ್ಲ, ನಿಮಗೆ ಬೇಕಾಗಿರುವುದು ಆ ಇನ್ನೊಬ್ಬರೇ. ಪ್ರಕಾಶಕರಿಗೆ ಕೊಟ್ಟರೆ ವರ್ಷಾಂತ್ಯದ ಅವಸರಕ್ಕೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಗ್ರಂಥಾಲಯ ಇಲಾಖೆ ಕೊಳ್ಳುವ ಪುಸ್ತಕಗಳ ಆಯ್ಕೆಗೆ ಆಯಾ ವರ್ಷದ ಮೊದಲ ಮುದ್ರಣಗಳು ಹೋಗುವುದರಿಂದ ನವೆಂಬರ್, ಡಿಸೆಂಬರಿನಲ್ಲಿ ಅಚ್ಚಿಗೆ ನೂಕುವ ಪುಸ್ತಕಗಳಲ್ಲಿ ಕರಡಚ್ಚು ತಿದ್ದುವ ಕೆಲಸ ಒಮ್ಮೆಗೇ ಮುಗಿದುಹೋಗುತ್ತದೆ. ಹೀಗೆ ಅವಸರದಲ್ಲಿ ‘ಸಾಕು, ಮುಗಿದಿದೆ’ ಎಂದು ನಾನೇ ಒಬ್ಬ ಲೇಖಕಿಗೆ ಹೇಳಿದ್ದುಂಟು. ಅವರಿಗೆ ಕೊನೆಯ ಎರಡು ಅಧ್ಯಾಯಗಳ ಬಗ್ಗೆ ಅನುಮಾನವಿತ್ತು, ನಾನು ಕಿವಿಗೊಡಲಿಲ್ಲ. ಪುಸ್ತಕ ಬಂದ ಮೇಲೆ ಅವರ ಅನುಮಾನವೇ ಸರಿಯೆಂದು ತಿಳಿಯಿತು. ಲೇಖಕರು ‘ಇದೊಂದು ಹೋಗುತ್ತಿಲ್ಲ’ ಎಂದು ಹೇಳಿದ್ದನ್ನು ಆಮೇಲೆ ನಾನು ಎಂದೂ ಹಗುರವಾಗಿ ಕಂಡಿಲ್ಲ. ಚಿಕ್ಕಜ್ಜನ ಸಾಲಿನ ಬಳಿ ನಿಂತದ್ದೂ ಅದರಿಂದಲೇ.

ಕಾಗುಣಿತ, ಅಲ್ಪಪ್ರಾಣ ಮಹಾಪ್ರಾಣ, ಒಂದೇ ಹೆಸರನ್ನು ಎರಡು ರೀತಿ ಬರೆದದ್ದು, ಇವೆಲ್ಲ ಕರಡಚ್ಚಿನ ಕೆಲಸ; ಇವು ಉಳಿದಿವೆ ಎಂದು ಹಸ್ತಪ್ರತಿ ಮುಗಿದಿಲ್ಲವೆಂದು ತಿಳಿಯಬೇಡಿ. ನೀವು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದೀರಿ. ಯುನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು, ಕೆಲವು ಒತ್ತಕ್ಷರಗಳು ಜಾಗ ತಪ್ಪುವುದುಂಟು, ಪ್ರತಿ ಸಲ ಬದಲಿಸಿದಾಗಲೂ ಪೂರ್ತಿ ಓದಿ ನೋಡಬೇಕು. ಆದ್ದರಿಂದ ಬದಲಾವಣೆಗಳೆಲ್ಲ ನಿಂತ ಮೇಲೆ ಒಂದೇ ಸಲ ಆ ಕೆಲಸ ಮಾಡಿ. ಪುಟ ಕಟ್ಟಿದ ಮೇಲೆ ಪ್ಯಾರಾ ಸೇರಿಸಿದರೆ ಮುಂದಿನ ಪುಟಗಳೆಲ್ಲ ಸರಿಯುತ್ತವೆ, ಹದಿನಾರು ಪುಟಗಳನ್ನು ಒಟ್ಟಿಗೆ ಅಚ್ಚು ಹಾಕುವ ಫಾರಂನ ಲೆಕ್ಕ ತಪ್ಪುತ್ತದೆ. ಅಚ್ಚಿನ ಮನೆಯವರು ಬೇಸರಪಡುವುದು ಅದಕ್ಕೆ.

ಹಾಗಾಗಿ ಈಗ ಉಳಿದಿರುವುದು ಹದಿನಾಲ್ಕನೆಯ ಅಧ್ಯಾಯದಿಂದ ಮುಂದಿನ ಕೆಲಸ, ಹಸೆಯ ಮೂರು ವಾಕ್ಯಗಳನ್ನೂ ಅವುಗಳ ಜೊತೆಗಿನವನ್ನೂ ಮರಳಿ ತರುವುದು, ಅಣೆಕಟ್ಟಿನ ಪುಟಗಳನ್ನು ತೆಗೆಯುವುದು. ಲಾಂಚಿನ ಅಧ್ಯಾಯವನ್ನು ಮುಟ್ಟಬೇಡಿ. ಚಿಕ್ಕಜ್ಜನ ವಿಷಯ ತೀರ್ಮಾನವಾದ ದಿನ ಇಡೀ ಹಸ್ತಪ್ರತಿಯನ್ನು ನನಗೆ ಕಳಿಸಬೇಕಾಗಿಲ್ಲ; ಅವನು ಬರುವ ಪುಟಗಳನ್ನಷ್ಟೇ ಕಳಿಸಿ, ಓದಿ ವಾರದೊಳಗೆ ಬರೆಯುತ್ತೇನೆ.